ಕಾಣದ ಅಣುವಿನ ಲೆಕ್ಕ

ನಕ್ಷತ್ರಗಳ ಸುತ್ತ ಮತ್ತು ಅವುಗಳ ನಡುವಿನ ಬಯಲಿನಲ್ಲಿ ಇದುವರೆಗೆ 300ಕ್ಕೂ ಹೆಚ್ಚು ಬಗೆಯ ಅಣುಗಳು ಪತ್ತೆಯಾಗಿವೆ. ನೀರು, ಅಮೋನಿಯ, ಫಾರ್ಮಾಲ್ಡಿಹೈಡ್, ಮದ್ಯಸಾರ, ಸಕ್ಕರೆಗೆ ದೂರದ ನೆಂಟನಾದ ಗ್ಲೈಕೊಲಾಲ್ಡಿಹೈಡ್. ಕನ್ನಡದಲ್ಲಿ ಖಗೋಳ ರಸಾಯನದ ಬಗ್ಗೆ ಬರುವ ಬರಹಗಳಲ್ಲಿ ಹೆಚ್ಚಿನವು ಈ ಪಟ್ಟಿಯಿಂದ ಶುರುವಾಗಿ ಪಟ್ಟಿಯಲ್ಲೇ ಮುಗಿಯುತ್ತವೆ. ಪಟ್ಟಿಯಲ್ಲಿ ಸುಳ್ಳೇನೂ ಇಲ್ಲ. ಆದರೆ ಒಂದು ಅಣುವಿನ ಹೆಸರು ಅದರೊಳಗೆ ಸೇರಬೇಕಾದರೆ ಎಷ್ಟು ಜಗಳ ನಡೆದಿರುತ್ತದೆ, ಎಷ್ಟು ಹೆಸರುಗಳು ಬಾಗಿಲಿನಿಂದಲೇ ಹಿಂದಿರುಗಿವೆ ಎಂಬುದು ಅಲ್ಲಿ ಕಾಣುವುದಿಲ್ಲ. ಈ ವಿಜ್ಞಾನದ ದೊಡ್ಡತನ ಇರುವುದು ಆ ಜಗಳದಲ್ಲಿ ಎಂದು ನಾನು ನಂಬಿದ್ದೇನೆ. ಅದನ್ನು ತೋರಿಸಲು ದೂರ ಹೋಗಬೇಕಾಗಿಲ್ಲ, ಗೌರಿಬಿದನೂರು ಮತ್ತು ಬೆಂಗಳೂರು ಸಾಕು.

1980ರಲ್ಲಿ ಖಾರ್ಕಿವ್‌ನ ರೇಡಿಯೋ ಖಗೋಳಜ್ಞರಾದ ಕೊನೊವಾಲೆಂಕೊ ಮತ್ತು ಸೋಡಿನ್ ಒಂದು ವಿಚಿತ್ರ ರೇಖೆ ಕಂಡರು. ಸಿಡಿದ ನಕ್ಷತ್ರದ ಅವಶೇಷವಾದ ಕ್ಯಾಸಿಯೋಪಿಯ-ಎ ಕಡೆಯಿಂದ ಬರುವ ರೇಡಿಯೋ ಅಲೆಯಲ್ಲಿ, 26 ಮೆಗಾಹರ್ಟ್ಸ್ ಹತ್ತಿರ, ದಾರಿಯಲ್ಲಿ ಯಾವುದೋ ಅನಿಲ ಒಂದಿಷ್ಟು ಶಕ್ತಿಯನ್ನು ಹೀರಿಕೊಂಡಿತ್ತು. ಅದು ಸಾರಜನಕದ್ದು ಎಂದು ಅವರು ಪ್ರಕಟಿಸಿದರು. ಅದೇ ವರ್ಷ ಬ್ಲೇಕ್, ಕ್ರಚರ್ ಮತ್ತು ವಾಟ್ಸನ್ ಬೇರೆ ಮಾತು ಹೇಳಿದರು: ಇದು ಇಂಗಾಲ, ಎಲೆಕ್ಟ್ರಾನ್ 631ನೇ ಕಕ್ಷೆಯಷ್ಟು ದೂರ ಸರಿದು ನಿಂತಿರುವ ಇಂಗಾಲದ ಪರಮಾಣು. ಎರಡರಲ್ಲಿ ಯಾವುದು ಸರಿ ಎಂದು ತೀರ್ಮಾನಿಸುವ ದಾರಿ ಸರಳವಾಗಿತ್ತು. ಸಾರಜನಕವಾದರೆ ಅಲ್ಲಿ ಒಂದೇ ರೇಖೆ. ಇಂಗಾಲವಾದರೆ 630, 632, 640, 575 ಹೀಗೆ ಪ್ರತಿ ಕಕ್ಷೆಗೂ ಒಂದೊಂದು ರೇಖೆ ಮೊದಲೇ ಲೆಕ್ಕ ಹಾಕಿದ ಜಾಗದಲ್ಲಿ ಸಿಗಲೇಬೇಕು. ಹುಡುಕಿದಾಗ ಸಿಕ್ಕವು. ಸಾರಜನಕ ಬಿದ್ದುಹೋಯಿತು.

ಈ ಕತೆಗೆ ಗೌರಿಬಿದನೂರು ಬರುವುದು ಇಲ್ಲಿಂದ ಮುಂದೆ. ಭಾರತೀಯ ತಾರಾಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಸೇರಿ ಅಲ್ಲಿ ನಿಲ್ಲಿಸಿದ ಟಿ ಆಕಾರದ ಆಂಟೆನಾ ಸಾಲು 34.5 ಮೆಗಾಹರ್ಟ್ಸ್‌ನಲ್ಲಿ ಕೇಳುತ್ತಿತ್ತು. ಆ ಆವೃತ್ತಿಗೆ ಹೊಂದುವ ಕಕ್ಷೆ 575ರ ಆಸುಪಾಸಿನದು. ಲೆಕ್ಕ ಹಾಕಿ ನೋಡಿ: ಕಕ್ಷೆಯ ಸಂಖ್ಯೆಯ ವರ್ಗಕ್ಕೆ ತಕ್ಕಂತೆ ಪರಮಾಣು ಹಿಗ್ಗುತ್ತದೆ, ಹಾಗಾಗಿ ಈ ಇಂಗಾಲದ ವ್ಯಾಸ ಸುಮಾರು 35 ಮೈಕ್ರಾನ್. ತಲೆಗೂದಲಿನ ಅರ್ಧ ದಪ್ಪದ ಒಂದೇ ಒಂದು ಪರಮಾಣು! ಭೂಮಿಯ ಮೇಲೆ ನಾವು ಉಸಿರಾಡುವ ಗಾಳಿಯಲ್ಲಿ ಅದು ಕ್ಷಣವೂ ಬಾಳದು, ಡಿಕ್ಕಿ ಹೊಡೆಸಿಕೊಂಡು ಚೂರಾಗುತ್ತದೆ. ಡಿಕ್ಕಿ ಹೊಡೆಯಲು ಹತ್ತಿರದಲ್ಲಿ ಯಾರೂ ಇಲ್ಲದ ಬಯಲಿನಲ್ಲಿ ಮಾತ್ರ ಅದಕ್ಕೆ ಬದುಕು.

ರಾಮನ್ ಸಂಸ್ಥೆಯ ಕೆ.ಆರ್. ಅನಂತರಾಮಯ್ಯ ಮತ್ತು ಅವರ ಜತೆಗಾರರು ಇಂಥ ಪರಮಾಣುಗಳ ರೇಖೆಗಳನ್ನು ವರ್ಷಗಟ್ಟಲೆ ಬೆನ್ನುಹತ್ತಿದರು. ನಿಮಿಷಾ ಕಂಥಾರಿಯಾ, ಅನಂತರಾಮಯ್ಯ ಮತ್ತು ಪೇನ್ 1998ರಲ್ಲಿ ಪ್ರಕಟಿಸಿದ ಪ್ರಬಂಧ ನನ್ನ ಮಟ್ಟಿಗೆ ಕರ್ನಾಟಕದ ನೆಲದಿಂದ ಬಂದ ಖಗೋಳ ರಸಾಯನದ ಅತ್ಯುತ್ತಮ ಕೆಲಸಗಳಲ್ಲಿ ಒಂದು. ಗೌರಿಬಿದನೂರಿನ 34.5 ಮೆಗಾಹರ್ಟ್ಸ್, ಊಟಿಯ 327, ಅಮೆರಿಕದ ದೂರದರ್ಶಕಗಳ ಇನ್ನೂ ಮೇಲಿನ ಆವೃತ್ತಿಗಳು ಎಲ್ಲವನ್ನೂ ಒಂದೇ ಚಿತ್ರದಲ್ಲಿ ಕೂಡಿಸಿ ಅವರು ಕೇಳಿದ ಪ್ರಶ್ನೆ ರಸಾಯನದ್ದು: ಈ ಇಂಗಾಲ ಎಂಥ ಮೋಡದಲ್ಲಿದೆ? ಅಣುಗಳು ಕಟ್ಟಿಕೊಂಡ ದಟ್ಟ ಮೋಡದಲ್ಲೋ, ಇನ್ನೂ ಬಿಡಿ ಪರಮಾಣುಗಳಾಗಿಯೇ ಇರುವ ತಂಪು ಅನಿಲದಲ್ಲೋ? ಕೆಳಗಿನ ಆವೃತ್ತಿಯಲ್ಲಿ ಹೀರಿಕೆಯಾಗಿ ಕಾಣುವ ರೇಖೆ ಮೇಲಿನದರಲ್ಲಿ ಹೊಳಪಾಗಿ ತಿರುಗುತ್ತದೆ. ಆ ತಿರುವಿಗೆ ಹೊಂದುವ ಮಾದರಿಗಳನ್ನು ಒಂದೊಂದಾಗಿ ಹಚ್ಚಿ ನೋಡಿ, ಸುಮಾರು 75 ಕೆಲ್ವಿನ್‌ನ ಪರಮಾಣು ಅನಿಲವೇ ಹೆಚ್ಚು ಒಪ್ಪುತ್ತದೆ ಎಂದರು. ಇಂಗಾಲ ಇನ್ನೂ ಕಾರ್ಬನ್ ಮಾನಾಕ್ಸೈಡಿಗೆ ಒಳಗಾಗದ ಹಂತ ಅದು. ಒಪ್ಪದ ಮಾದರಿ ಯಾವುದು, ಯಾಕೆ ಒಪ್ಪಲಿಲ್ಲ ಎಂಬುದನ್ನೂ ಬರೆದಿಟ್ಟರು. ಆ ಭಾಗವೇ ನನಗೆ ಮುಖ್ಯ.

ಎರಡನೆಯ ಉದಾಹರಣೆ ಮಸಿ ಕಾರುವ ನಕ್ಷತ್ರಗಳದು. ಉತ್ತರ ಕಿರೀಟ ಎಂಬ ನಕ್ಷತ್ರಪುಂಜದ ಆರ್ ನಕ್ಷತ್ರ ಮತ್ತು ಅದರ ಜಾತಿಯವು ಜಲಜನಕವನ್ನು ಬಹುಪಾಲು ಕಳೆದುಕೊಂಡಿವೆ, ಇಂಗಾಲ ಹೇರಳವಾಗಿದೆ. ಭಾರತೀಯ ತಾರಾಭೌತ ಸಂಸ್ಥೆಯ ಎನ್. ಕಾಮೇಶ್ವರ ರಾವ್ ದಶಕಗಳ ಕಾಲ ಈ ನಕ್ಷತ್ರಗಳ ಹಿಂದೆ ಬಿದ್ದವರು. 1985ರಲ್ಲಿ ಪ್ರಯೋಗಾಲಯದಲ್ಲಿ ಸಿಕ್ಕ ಸಿ60 ಎಂಬ ಚೆಂಡಿನಾಕಾರದ ಅಣುವಿಗೆ ಇದಕ್ಕಿಂತ ತಕ್ಕ ಮನೆ ಇಲ್ಲ ಎಂದೇ ಎಲ್ಲರ ಎಣಿಕೆಯಾಗಿತ್ತು. ಪ್ರಯೋಗಾಲಯದಲ್ಲಿ ಜಲಜನಕ ಬೆರೆತರೆ ಸಿ60 ಸರಿಯಾಗಿ ಹುಟ್ಟುವುದಿಲ್ಲ, ಇಲ್ಲಿ ಜಲಜನಕ ಇಲ್ಲವೆನ್ನುವಷ್ಟು ಕಡಿಮೆ. 2011ರಲ್ಲಿ ಗಾರ್ಸಿಯಾ-ಹೆರ್ನಾಂಡೆಜ್, ಕಾಮೇಶ್ವರ ರಾವ್ ಮತ್ತು ಲ್ಯಾಂಬರ್ಟ್ ಸ್ಪಿಟ್ಜರ್ ದೂರದರ್ಶಕದ ಅವಗೆಂಪು ರೋಹಿತಗಳನ್ನು ತೆರೆದಿಟ್ಟಾಗ ಎಣಿಕೆ ತಲೆಕೆಳಗಾಯಿತು. ಸುಮಾರು 30 ನಕ್ಷತ್ರಗಳಲ್ಲಿ ಸಿ60 ಸುಳಿವು ಕೊಟ್ಟದ್ದು ಎರಡೇ, ಡಿವೈ ಸೆಂಟಾರಿ ಮತ್ತು ವಿ854 ಸೆಂಟಾರಿ. ಆ ಎರಡೂ ತಮ್ಮ ಜಾತಿಯಲ್ಲಿ ಜಲಜನಕ ಉಳಿಸಿಕೊಂಡವು!

ಪ್ರಬಂಧದ ಗಟ್ಟಿತನ ಉಳಿದ ನಕ್ಷತ್ರಗಳಲ್ಲಿದೆ. ಸಿಗಲಿಲ್ಲ ಎಂದು ಅವುಗಳನ್ನು ಬದಿಗಿಡದೆ, ಸಿಗದಿರುವುದನ್ನೇ ಸಾಕ್ಷಿಯಾಗಿ ಹಿಡಿದು, ಜಲಜನಕವಿರುವ ಮಸಿ ಒಡೆದಾಗ ಸಿ60 ಹುಟ್ಟಬಹುದು ಎಂಬ ಇನ್ನೊಂದು ದಾರಿಯತ್ತ ಕೈ ತೋರಿಸಿದರು. ಅದರ ದೌರ್ಬಲ್ಯವನ್ನೂ ಹೇಳಬೇಕು. ಎರಡು ನಕ್ಷತ್ರಗಳ ಮೇಲೆ ನಿಲ್ಲಿಸಿದ ನಿಯಮ ಅಲುಗಾಡುತ್ತದೆ, ಅದರಲ್ಲೂ ವಿ854ರ ಸಾಕ್ಷಿ ಸಾಧ್ಯತೆಯ ಮಟ್ಟದ್ದು. ಸಿ60 ಬೆಳಗುವ 7 ಮತ್ತು 8.5 ಮೈಕ್ರಾನ್ ಜಾಗಗಳಲ್ಲಿ ಬೇರೆ ಇಂಗಾಲ ಸಂಯುಕ್ತಗಳೂ ಬೆಳಗುತ್ತವೆ, ಹಾಗಾಗಿ ನಿಜವಾದ ಭಾರ ಹೊರುವುದು 17.4 ಮತ್ತು 18.9ರ ಪಟ್ಟೆಗಳು. ಶೀರ್ಷಿಕೆಯನ್ನೇ ಪ್ರಶ್ನೆಯಾಗಿ ಇಟ್ಟ ಲೇಖಕರಿಗೆ ಇದೆಲ್ಲ ಗೊತ್ತಿತ್ತು.

ಇಷ್ಟು ಮೆಚ್ಚಿದ ಮೇಲೆ ಆಕ್ಷೇಪ. ಬೆಂಗಳೂರಿನಲ್ಲಿ ಈ ವಿದ್ಯೆಯ ಎರಡು ಕೈಗಳು ಸರಿಯಾದ ಹೊತ್ತಿಗೆ ಸೇರಲಿಲ್ಲ. ರಾಮನ್ ಸಂಸ್ಥೆಯ ಅಂಗಳದಲ್ಲಿ ರಾಬರ್ಟ್ ಲೇಟನ್ ವಿನ್ಯಾಸದ 10.4 ಮೀಟರ್ ದೂರದರ್ಶಕ ನಿಂತಿತು. ಮುದಿ ಕೆಂಪು ನಕ್ಷತ್ರಗಳ ಸುತ್ತ ಸಿಲಿಕಾನ್ ಮಾನಾಕ್ಸೈಡ್ ಹೊರಡಿಸುವ 86 ಗಿಗಾಹರ್ಟ್ಸ್ ಮೇಸರ್ ಕಿರಣಗಳನ್ನು ಅದು ಹಿಡಿಯಿತು. ಆದರೆ ಬೆಂಗಳೂರಿನ ಗಾಳಿಯಲ್ಲಿ ತೇವ ಹೆಚ್ಚು, ಮಿಲಿಮೀಟರ್ ಅಲೆಗಳನ್ನು ನೀರಾವಿ ನುಂಗುತ್ತದೆ. ಆಲ್ಮಾದಂಥ 66 ಆಂಟೆನಾಗಳ ಸಾಲನ್ನು ಚಿಲಿಯ 5,000 ಮೀಟರ್ ಎತ್ತರದ ಮರುಭೂಮಿಗೆ ಹೊತ್ತೊಯ್ದದ್ದು ಅದಕ್ಕೇ. ಪಕ್ಕದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಇ. ಅರುಣನ್ ಅವರ ತಂಡ ಅಣುಗಳ ತಿರುಗಾಟದ ಆವೃತ್ತಿಯನ್ನು ನಿಖರವಾಗಿ ಅಳೆಯುವ ಸೂಕ್ಷ್ಮತರಂಗ ರೋಹಿತಮಾಪಕ ಕಟ್ಟಿತು, ಆದರೆ ದೂರದರ್ಶಕದ ಮಿಲಿಮೀಟರ್ ಕೆಲಸ ಭರದಲ್ಲಿದ್ದ ಕಾಲಕ್ಕೆ ಅಲ್ಲ. ಆಕಾಶದಲ್ಲಿ ಕಂಡ ರೇಖೆಗೆ ಹೆಸರಿಡುವುದು ಪ್ರಯೋಗಾಲಯ. ಅದು ಹಿಂದುಳಿದರೆ ಏನಾಗುತ್ತದೆ ಎಂಬುದಕ್ಕೆ ನಕ್ಷತ್ರಗಳ ಬೆಳಕಿನಲ್ಲಿ ಮೇರಿ ಲೀ ಹೆಗರ್ 1922ರಲ್ಲಿ ವರದಿ ಮಾಡಿದ ಮಸುಕು ಪಟ್ಟೆಗಳೇ ಸಾಕ್ಷಿ. ಇಂದು ಅಂಥವು 500ಕ್ಕೂ ಹೆಚ್ಚು ಗೊತ್ತಿವೆ. ಒಡೆಯ ಖಚಿತವಾಗಿರುವುದು ಸಿ60 ಅಯಾನಿನದು ಎನ್ನುವ ಬೆರಳೆಣಿಕೆಯ ಪಟ್ಟೆಗಳಿಗೆ ಮಾತ್ರ, ಅದೂ ಪ್ರಯೋಗಾಲಯದ ಅಳತೆ 2015ರಲ್ಲಿ ಕೈಗೆ ಬಂದ ಮೇಲೆ.

ಅವಸರದ ಕೆಲಸವೂ ಇದೆ. 2003ರಲ್ಲಿ ಧನು ರಾಶಿಯ ದಿಕ್ಕಿನ ಮೋಡದಲ್ಲಿ ಗ್ಲೈಸಿನ್ ಸಿಕ್ಕಿತು ಎಂದು ಒಂದು ತಂಡ ಸಾರಿತು. ಅಮೈನೋ ಆಮ್ಲ ಎಂದಮೇಲೆ ಜೀವದ ಬೀಜ ಎಂಬ ತಲೆಬರಹ ತಾನಾಗಿಯೇ ಬಂತು. 2005ರಲ್ಲಿ ಸ್ನೈಡರ್ ಮತ್ತು ಜತೆಗಾರರು ಇರಬೇಕಾದ ಮುಖ್ಯ ರೇಖೆಗಳು ಇಲ್ಲವೆಂದು ತೋರಿಸಿದರು. ಗ್ಲೈಸಿನ್ ನಂತರ ಧೂಮಕೇತುಗಳಲ್ಲಿ ಸಿಕ್ಕಿದೆ, ಅಂತರತಾರಾ ಮೋಡದಲ್ಲಿ ಇನ್ನೂ ಇಲ್ಲ. 2025ರಲ್ಲಿ ಕೆ2-18ಬಿ ಎಂಬ ದೂರದ ಗ್ರಹದಲ್ಲಿ ಜೀವದ ಗುರುತು ಎನ್ನಲಾದ ಡೈಮೀಥೈಲ್ ಸಲ್ಫೈಡ್ ಸುಳಿವಿಗೂ ಇದೇ ಗತಿ: ಸುದ್ದಿ ಎಲ್ಲೆಡೆ ಹಬ್ಬಿತು, ಬೇರೆ ತಂಡಗಳ ಸಂದೇಹ ಅಷ್ಟು ದೂರ ತಲುಪಲಿಲ್ಲ.

ಇಂಥ ಅವಸರಕ್ಕೆ ಮದ್ದು ಶಾಲೆಯಲ್ಲೇ ಶುರುವಾಗಬಹುದು. ಆಕಾಶ ವಿಜ್ಞಾನ ಮೈಸೂರು ಸೀಮೆಗೆ ಹೊಸ ಕ್ಷೇತ್ರವೇನಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದಲ್ಲಿ ವಿಜ್ಞಾನ ವಿಭಾಗ ನೋಡಿಕೊಂಡ ಜಿ.ಟಿ. ನಾರಾಯಣ ರಾವ್ ಆಕಾಶ ನೋಡುವುದನ್ನು ಕನ್ನಡದಲ್ಲಿ ಒಂದು ರೂಢಿಯಾಗಿಯೇ ಬೆಳೆಸಿದರು. ನಂಜನಗೂಡು ತಾಲ್ಲೂಕಿನ ಕಳಲೆಯಂಥ ಊರಿನ ಪ್ರೌಢಶಾಲೆಯಲ್ಲಿ ಆ ರೂಢಿಗೆ ರಸಾಯನವನ್ನು ಸೇರಿಸುವುದು ಕಷ್ಟವಲ್ಲ. ಗ್ಯಾಸ್ ಒಲೆಯ ನೀಲಿ ಜ್ವಾಲೆಯನ್ನು ಹಳೆಯ ಸಿ.ಡಿ. ತುಂಡಿನಿಂದ ಮಾಡಿದ ರೋಹಿತದರ್ಶಕದಲ್ಲಿ ನೋಡಿದರೆ ಬಣ್ಣಗಳು ಪಟ್ಟೆಪಟ್ಟೆಯಾಗಿ ಬಿಡಿಸಿಕೊಳ್ಳುತ್ತವೆ. ಹಸಿರಿನಲ್ಲಿ 516 ನ್ಯಾನೋಮೀಟರ್ ಹತ್ತಿರ ಚೂಪಾಗಿ ನಿಲ್ಲುವ ಅಂಚು ಎರಡು ಇಂಗಾಲ ಸೇರಿದ ಸಿ2 ಅಣುವಿನದು, ಉತ್ತರ ಕಿರೀಟದ ಆರ್ ನಕ್ಷತ್ರದಲ್ಲಿ ಇರುವುದೂ ಅದೇ. ನೇರಳೆಯ ಕಡೆ 431ರ ಹತ್ತಿರದ್ದು ಸಿಎಚ್. ನಕ್ಷತ್ರಗಳ ನಡುವೆ ಗುರುತು ಸಿಕ್ಕ ಮೊದಲ ಅಣು ಅದು, 1937ರಲ್ಲಿ. ಮಕ್ಕಳು ಅಂಚಿನ ಜಾಗ ಅಳೆದು, ಪಕ್ಕದವರ ಅಳತೆಗೆ ಹೊಂದದಿದ್ದರೆ ಯಾಕೆಂದು ವಾದ ಮಾಡಬೇಕು. ಅಷ್ಟಾದರೆ 300 ಹೆಸರಿನ ಪಟ್ಟಿ ಬಾಯಿಪಾಠ ಆಗದಿದ್ದರೂ ನಷ್ಟವಿಲ್ಲ.

ಆರ್ ನಕ್ಷತ್ರವನ್ನು ಅದೇ ಶಾಲೆಯ ಅಂಗಳದಿಂದ ನೋಡಬಹುದು. ಮೇ ತಿಂಗಳ ನಡುವೆ ರಾತ್ರಿ 11ರ ಹೊತ್ತಿಗೆ ಉತ್ತರ ಕಿರೀಟ ಸಾಕಷ್ಟು ಎತ್ತರದಲ್ಲಿರುತ್ತದೆ, ಸಾಮಾನ್ಯ ಬೈನಾಕ್ಯುಲರ್ ಸಾಕು. ಎಂದಿನಂತೆ 6ನೇ ಪ್ರಮಾಣದ ಹೊಳಪಿನಲ್ಲಿದ್ದರೆ ಅದು ಕಾಣುತ್ತದೆ. ತನ್ನ ಸುತ್ತ ಮಸಿ ಕಟ್ಟಿಕೊಂಡಾಗ ಕಾಣುವುದಿಲ್ಲ. 2007ರಲ್ಲಿ ಮುಚ್ಚಿಕೊಂಡದ್ದು ಪೂರ್ತಿ ತೆರೆಯಲು ಏಳು ವರ್ಷಕ್ಕಿಂತ ಹೆಚ್ಚು ಬೇಕಾಯಿತು. ಕಂಡ ರಾತ್ರಿಗೂ ಕಾಣದ ರಾತ್ರಿಗೂ ದಿನಾಂಕ ಹಾಕಿ ಒಂದೇ ಪುಸ್ತಕದಲ್ಲಿ ಬರೆಸಿ.