ಹದಿನೈದರ ಹುಡುಗ ಸಂಪಾದಕೀಯ ಬರೆಯುವುದಿಲ್ಲ

ಹೊಸಪೇಟೆ, ಸಂಡೂರು ಕಡೆಯ ಹೊಸ ಕತೆಗಾರರ ಹಸ್ತಪ್ರತಿಗಳಲ್ಲಿ ಒಬ್ಬ ನಿರೂಪಕ ನನಗೆ ಮತ್ತೆ ಮತ್ತೆ ಎದುರಾಗುತ್ತಾನೆ. ವಯಸ್ಸು ಹದಿನೈದು. ಊರಿನ ಮಾತು, ಬೈಗುಳ, ಗೆಳೆಯರ ಅಡ್ಡಹೆಸರು ಎಲ್ಲವೂ ಸರಿಯಾಗಿವೆ. ಆದರೆ ಎರಡನೇ ಪುಟಕ್ಕೆ ಬರುವಷ್ಟರಲ್ಲಿ, ಗಣಿಗಾರಿಕೆ ಬೆಟ್ಟಗಳ ಒಡಲು ಬಗೆದದ್ದರ ಬಗ್ಗೆ ಪತ್ರಿಕೆಯ ಸಂಪಾದಕೀಯದ ಧಾಟಿಯಲ್ಲಿ ಮಾತಾಡತೊಡಗುತ್ತಾನೆ. ಅಲ್ಲಿಗೆ ಹುಡುಗ ಹೋದ, ಲೇಖಕ ಬಂದ.

ಅವನು ಹೇಳುವುದು ಸುಳ್ಳಲ್ಲ. 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಅದಿರು ಗಣಿಗಾರಿಕೆಯನ್ನೇ ನಿಲ್ಲಿಸುವ ಮಟ್ಟಿಗೆ ಅನಾಹುತ ಬೆಳೆದಿತ್ತು. ಆದರೆ 2008ರ ಹುಡುಗನೊಬ್ಬನಿಗೆ ಅದು ಅನಾಹುತವಾಗಿಯೇ ಕಂಡಿರಬೇಕೆ? ಅಣ್ಣ ಅದಿರಿನ ಲಾರಿಗೆ ಕ್ಲೀನರ್ ಆಗಿ ಸೇರಿದ್ದಾನೆ. ಮನೆಗೆ ಟಿವಿ ಬಂದಿದೆ. ಒಣಹಾಕಿದ ಬಿಳಿ ಅಂಗಿ ಸಂಜೆಗೆ ಕೆಂಪಾಗುತ್ತದೆ, ಅವ್ವ ಕೆಮ್ಮುತ್ತಾಳೆ. ಹುಡುಗನಿಗೆ ತಾನೂ ಲಾರಿ ಓಡಿಸುವ ಆಸೆ. ಆ ಆಸೆಯನ್ನೂ ಈ ಕೆಮ್ಮನ್ನೂ ಒಂದೇ ಉಸಿರಿನಲ್ಲಿ ಹೇಳಿ, ಎರಡರ ನಡುವೆ ಗೆರೆ ಎಳೆಯದೆ ಬಿಟ್ಟರೆ ಅವನನ್ನು ನಾನು ನಂಬುತ್ತೇನೆ. ಗೆರೆ ಎಳೆಯುವ ಕೆಲಸ ಓದುಗನದು.

ಇದು ಕನ್ನಡಕ್ಕೆ ಹೊಸತಲ್ಲ. ಅನಂತಮೂರ್ತಿಯವರ ‘ಘಟಶ್ರಾದ್ಧ’ವನ್ನು ನೋಡಿ. ವೇದಪಾಠಕ್ಕೆ ಬಂದ ಎಳೆಯ ಹುಡುಗನೊಬ್ಬ ವಿಧವೆ ಯಮುನಕ್ಕನ ಜೊತೆಗಿದ್ದಾನೆ. ಆಕೆ ಬಸಿರಾದದ್ದು ಓದುಗರಾದ ನಮಗೆ ಅವನಿಗಿಂತ ಮೊದಲೇ ಹೊಳೆಯುತ್ತದೆ. ಅವನಿಗಿರುವುದು ಅಕ್ಕನ ಮೇಲಿನ ಅಕ್ಕರೆ, ಕತ್ತಲೆಯ ಭಯ. ಅವನಿಗೆ ಗೊತ್ತಾಗದೆ ಉಳಿದ ಜಾಗದಲ್ಲೇ ಅಗ್ರಹಾರದ ಕ್ರೌರ್ಯ ಪೂರ್ತಿ ಕಾಣುತ್ತದೆ. ಈ ನಿರೂಪಕ ಹದಿಹರೆಯಕ್ಕಿಂತ ಚಿಕ್ಕವನು, ನಿಜ. ಹದಿನೈದರವನಿಗೆ ಇನ್ನೊಂದು ತೊಡಕಿದೆ. ಅರ್ಧ ಗೊತ್ತಿರುತ್ತದೆ, ಪೂರ್ತಿ ಗೊತ್ತೆಂದು ನಟಿಸುತ್ತಾನೆ. ಆ ನಟನೆ ಬಿರುಕು ಬಿಡುವ ಕಡೆ ಅವನ ನಿಜದನಿ ಕೇಳುತ್ತದೆ.

ನಮ್ಮ ಸೀಮೆಯ ಅತಿ ಪ್ರಸಿದ್ಧ ತರುಣ ಕಂಪಿಲರಾಯನ ಮಗ ಕುಮಾರರಾಮ. ಅವನ ಚೆಂಡು ಮಲತಾಯಿ ರತ್ನಾಜಿಯ ಅರಮನೆಗೆ ಬೀಳುತ್ತದೆ, ತರಲು ಹೋಗುತ್ತಾನೆ, ಆಕೆ ಮೋಹಿಸುತ್ತಾಳೆ, ಅವನು ಒಪ್ಪುವುದಿಲ್ಲ. ನಂಜುಂಡಕವಿಯ ಸಾಂಗತ್ಯ ಅವನನ್ನು ಪರನಾರಿ ಸಹೋದರನೆಂದು ಕೊಂಡಾಡುತ್ತದೆ. ವೀರಕಾವ್ಯಕ್ಕೆ ಅಷ್ಟು ಸಾಕು. ಆದರೆ ಈ ಕತೆಯನ್ನು ಕುಮಾರರಾಮನೇ ಹೇಳಿದ್ದರೆ? ಆ ಕೋಣೆಯಲ್ಲಿ ಅವನ ತಲೆಯಲ್ಲಿ ಮೊದಲು ಓಡಿದ್ದು ಧರ್ಮವೋ, ಚೆಂಡು ಬಿಟ್ಟು ಓಡಬಹುದೇ ಎಂಬ ಪೇಚಾಟವೋ? ಕಂಪ್ಲಿಯ ಯಾವ ಹುಡುಗನನ್ನಾದರೂ ಕೇಳಿ, ಚೆಂಡು ಎಂದಾನು.

ಕತೆಯನ್ನು ದೊಡ್ಡವನಾದ ಮೇಲೆ ನೆನೆದು ಹೇಳುವುದೂ ಉಂಟಲ್ಲ, ಆಗ ವಿವೇಕ ಬರಬಾರದೇ ಎಂದು ಕೇಳಬಹುದು. ಬರಲಿ, ಆದರೆ ಆ ದಿನದ ಆಸೆಯನ್ನು ಅದು ಒರೆಸದಿರಲಿ. ಸ್ಯಾಲಿಂಜರನ ಹೋಲ್ಡನ್ ಕೂಡ ನಡೆದುಹೋದದ್ದನ್ನೇ ಹೇಳುತ್ತಾನೆ. ಆದರೂ ಅದರಿಂದ ಪಾಠ ಕಲಿತವನಂತೆ ಮಾತಾಡುವುದಿಲ್ಲ.

ಕೆಂಪು ಧೂಳಿನ ಆ ವರ್ಷಗಳಲ್ಲಿ ಬೆಳೆದವರು ಈಗ ಮೂವತ್ತರ ಆಸುಪಾಸಿನಲ್ಲಿದ್ದಾರೆ, ಬರೆಯತೊಡಗಿದ್ದಾರೆ. ಅವರು ತಮ್ಮ ಹದಿನೈದಕ್ಕೆ ಬರೀ ಪಶ್ಚಾತ್ತಾಪ ತುಂಬಿದರೆ, ಲಾರಿಯ ಹಾರ್ನ್ ಕೇಳಿ ಎದೆ ಉಬ್ಬಿದ ಹುಡುಗ ದಾಖಲೆಯಿಂದಲೇ ಅಳಿಸಿಹೋಗುತ್ತಾನೆ. ಬೆಟ್ಟ ಕರಗಿದ್ದು ದೊಡ್ಡವರ ದುರಾಸೆಯೊಂದರಿಂದಲೇ ಅಲ್ಲ, ಚಿಕ್ಕ ಮನೆಗಳ ಚಿಕ್ಕ ಆಸೆಗಳಿಂದಲೂ. ಅದನ್ನು ಆ ಹುಡುಗನಲ್ಲದೆ ಇನ್ಯಾರು ಹೇಳಬೇಕು?