ಅಸಮತೆಯ ಪಾಠದಲ್ಲಿ ವಾಕ್ಯಕ್ರಮ

ಅಸಮತೆಯನ್ನು ಚಿಹ್ನೆಗಳಲ್ಲಿ ಬರೆದು ಸಂಖ್ಯಾರೇಖೆಯ ಮೇಲೆ ಗುರುತಿಸುವ ಪಾಠವು ಮಾಧ್ಯಮಿಕ ತರಗತಿಗಳಲ್ಲಿ ಸುಲಭವೆಂದೇ ಎಣಿಸಲ್ಪಡುತ್ತದೆ. ಆದರೆ ಅದನ್ನು ನಿರೂಪಿಸುವ ಕ್ರಮದಲ್ಲಿ ಭಾಷಾಸಂಬಂಧವಾದ ದೋಷವೊಂದುಂಟು.

> ಮತ್ತು < ಎಂಬ ಚಿಹ್ನೆಗಳು ಅಚ್ಚಿನಲ್ಲಿ ಮೊದಲು ಕಾಣುವುದು 1631ರಲ್ಲಿ ಪ್ರಕಟವಾದ ಥಾಮಸ್ ಹ್ಯಾರಿಯಟ್ಟನ ಗ್ರಂಥದಲ್ಲಿ. ಇಂಗ್ಲಿಷ್ ವಾಕ್ಯದ ಪದಗಳ ಅನುಕ್ರಮವೇ ಈ ಚಿಹ್ನೆಗಳ ಅನುಕ್ರಮಕ್ಕೂ ಹೊಂದುತ್ತದೆ. ಕನ್ನಡದಲ್ಲಿ ಹಾಗಲ್ಲ. “5ಕ್ಕಿಂತ ಕ್ಷ ದೊಡ್ಡದು” ಎಂಬಲ್ಲಿ 5 ಮೊದಲು ಬರುತ್ತದೆ; ಕೇಳಿದ ಅನುಕ್ರಮದಲ್ಲಿಯೇ ಬರೆಯುವ ಬಾಲಕನು “5 > ಕ್ಷ” ಎಂದರೆ ಆಶ್ಚರ್ಯವೇನು? ಬೆಳಗಾವಿ, ಖಾನಾಪುರಗಳಲ್ಲಿ ಕನ್ನಡ ಶಾಲೆಗಳೊಡನೆ ಮರಾಠಿ ಶಾಲೆಗಳೂ ಇವೆ. ಮರಾಠಿಯ “ಪೇಕ್ಷಾ” ಎಂಬುದೂ ನಮ್ಮ “ಗಿಂತ”ದಂತೆ ಹೋಲಿಕೆಯ ಸಂಖ್ಯೆಯ ಬೆನ್ನಿಗೇ ಬರುವುದರಿಂದ ಉಭಯ ಭಾಷೆಯ ಮಕ್ಕಳಿಗೂ ತೊಡಕು ಒಂದೇ.

“ಕನಿಷ್ಠ” ಎಂಬ ಪದವು ಇನ್ನೂ ಭ್ರಾಂತಿಜನಕ. ಪದದ ಅರ್ಥ ಅತ್ಯಂತ ಚಿಕ್ಕದು; ಬೇಕಾದ ಚಿಹ್ನೆ ≥. ಸಂವಿಧಾನದ 61ನೆಯ ತಿದ್ದುಪಡಿಯು 1989ರಲ್ಲಿ ಜಾರಿಗೆ ಬಂದಂದಿನಿಂದ ಮತದಾರನ ವಯಸ್ಸು ಕನಿಷ್ಠ 18. ಎಂದರೆ ವ ≥ 18. ರೇಖೆಯಲ್ಲಿ 18ರ ಮೇಲೆ ತುಂಬಿದ ಚುಕ್ಕೆ, ಅಲ್ಲಿಂದ ಬಲಕ್ಕೆ ಬಾಣ. ಚುಕ್ಕೆಯನ್ನು ಬರಿದಾಗಿ ಬಿಟ್ಟರೆ ಸರಿಯಾಗಿ 18 ತುಂಬಿದವನ ಹಕ್ಕೇ ಹೋಯಿತು!

ಆದುದರಿಂದ ಚಿಹ್ನೆಗೆ ಮುನ್ನ ಪರೀಕ್ಷೆ ನಡೆಯಬೇಕು. 4, 5, 6 ಇವುಗಳಲ್ಲಿ ಯಾವುದು ವಾಕ್ಯಕ್ಕೆ ಸಲ್ಲುತ್ತದೆಂದು ಬಾಲಕನು ಮೊದಲು ನೋಡಲಿ. ಬಳಿಕ “5 < ಕ್ಷ” ಎಂದು ತನ್ನ ನುಡಿಯ ಕ್ರಮದಲ್ಲಿಯೇ ಬರೆಯಲಿ. ಅದು “ಕ್ಷ > 5” ಎಂಬುದಕ್ಕೆ ಸಮಾನವಾದುದು. ಅದನ್ನು ತಪ್ಪೆಂದು ಹೊಡೆದುಹಾಕುವುದು ಗಣಿತವೂ ಅಲ್ಲ, ನ್ಯಾಯವೂ ಅಲ್ಲ.