ಇಂಗ್ಲಿಷ್ ಪಾಠವೂ ಕನ್ನಡದ ಕಿವಿಯೂ

ಶಾಲೆಯಲ್ಲಿ ಕಲಿತ ಪರಭಾಷೆಯ ಬೆಲೆಯನ್ನು ಕಟ್ಟುವುದಕ್ಕೆ ಲೋಕದಲ್ಲಿ ರೂಢವಾಗಿರುವ ಅಳತೆ ಒಂದೇ: ಅದರಿಂದ ಯಾವ ಉದ್ಯೋಗ ದೊರೆಯಿತು ಎಂಬುದು. ಸಂಸಾರವನ್ನು ಹೊತ್ತವರಿಗೆ ಈ ಅಳತೆ ಸಹಜವಾದುದು. ಅದನ್ನು ಹಳಿಯುವುದು ನ್ಯಾಯವಲ್ಲ. ಆದರೆ ಸಾಹಿತ್ಯವನ್ನು ವಿಚಾರಮಾಡುವವರಿಗೆ ಮತ್ತೊಂದು ಅಳತೆಯೂ ಉಂಟು. ಮಿಡಲ್ ಸ್ಕೂಲಿನ ಮೊದಲ ಪಾಠದಿಂದ ಹೈಸ್ಕೂಲಿನ ಕೊನೆಯ ಪರೀಕ್ಷೆಯವರೆಗೆ ಇಂಗ್ಲಿಷನ್ನು ಓದಿದ ವಿದ್ಯಾರ್ಥಿಯು ಆ ಓದಿನಿಂದ ತನ್ನ ಮನೆಯ ಮಾತಿಗೆ ಏನನ್ನು ತಂದುಕೊಟ್ಟನು? ಈ ಪ್ರಶ್ನೆಯನ್ನು ಕೇಳುವುದಕ್ಕೆ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಎಂಬ ನಾಲ್ಕು ತಾಲ್ಲೂಕುಗಳಷ್ಟು ಒಪ್ಪುವ ನೆಲ ಕನ್ನಡನಾಡಿನಲ್ಲಿ ವಿರಳ.

ನಾಗಮಂಗಲದ ಸೀಮೆಗೆ ಸೇರಿದ ಬೆಳ್ಳೂರು ಬಿ. ಎಂ. ಶ್ರೀಕಂಠಯ್ಯನವರ ಮನೆತನದ ಊರು; ಅವರ ಎಳೆಯಂದಿನ ವಿದ್ಯಾಭ್ಯಾಸ ನಡೆದುದು ಶ್ರೀರಂಗಪಟ್ಟಣದಲ್ಲಿ. ಕೃಷ್ಣರಾಜಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನಲ್ಲಿ ೧೯೦೦ರಲ್ಲಿ ಎ. ಎನ್. ಮೂರ್ತಿರಾಯರೂ, ಅದೇ ತಾಲ್ಲೂಕಿನ ಕಿಕ್ಕೇರಿಯಲ್ಲಿ ೧೯೧೫ರಲ್ಲಿ ಕೆ. ಎಸ್. ನರಸಿಂಹಸ್ವಾಮಿಯವರೂ ಜನಿಸಿದರು. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯು ೧೯೦೫ರಲ್ಲಿ ಪು. ತಿ. ನರಸಿಂಹಾಚಾರ್ಯರನ್ನು ಕೊಟ್ಟಿತು. ಹೊಸಗನ್ನಡದ ಭಾವಗೀತೆ, ಗೀತನಾಟಕ, ಲಘುಪ್ರಬಂಧ ಇವುಗಳ ಚರಿತ್ರೆಯನ್ನು ಬರೆಯತಕ್ಕವರು ಈ ನಾಲ್ವರನ್ನು ಬಿಟ್ಟು ಒಂದು ಅಧ್ಯಾಯವನ್ನೂ ಮುಗಿಸಲಾರರು. ಇವರೆಲ್ಲರೂ ಇಂಗ್ಲಿಷ್ ಪಾಠವನ್ನೋದಿ ಬೆಳೆದವರು; ಇವರೆಲ್ಲರ ಕೀರ್ತಿಯೂ ಕನ್ನಡದಿಂದ ಬಂದುದು. ಇದು ಹೇಗಾಯಿತು ಎಂಬುದೇ ವಿಚಾರಾರ್ಹವಾದ ಸಂಗತಿ.

೧೮೩೫ರಲ್ಲಿ ಮೆಕಾಲೆಯ ಲೇಖವು ಇಂಗ್ಲಿಷ್ ವಿದ್ಯೆಯ ಪಕ್ಷವನ್ನು ಹಿಡಿದಾಗ ಅದರ ಉದ್ದೇಶ ದೇಶಭಾಷೆಗಳಿಗೆ ಕವಿಗಳನ್ನು ಒದಗಿಸುವುದಾಗಿರಲಿಲ್ಲ. ಮುಂದಿನ ಮೂರು ತಲೆಮಾರುಗಳಲ್ಲಿ ಆ ವಿದ್ಯೆಯ ಮೊದಲ ಫಲವೂ ಕನ್ನಡಕ್ಕೆ ಅನುಕೂಲವಾಗಿರಲಿಲ್ಲ. ಓದುಬಲ್ಲವರು ಇಂಗ್ಲಿಷಿನಲ್ಲಿ ಕಾಗದ ಬರೆಯುವುದನ್ನು ಗೌರವವೆಂದು ಬಗೆದರು. ಕನ್ನಡವು ಅಡಿಗೆಯ ಮನೆಗೂ ಹರಿಕಥೆಗೂ ಸಾಕಾದ ಮಾತೆನ್ನಿಸಿಕೊಂಡಿತು. ಈ ಉದಾಸೀನವನ್ನು ಎದುರಿಸಿ ೧೯೧೧ರಲ್ಲಿ ಧಾರವಾಡದ ವಿದ್ಯಾವರ್ಧಕ ಸಂಘದಲ್ಲಿ ‘ಕನ್ನಡ ಮಾತು ತಲೆಯೆತ್ತುವ ಬಗೆ’ ಎಂಬ ಉಪನ್ಯಾಸವನ್ನು ಕೊಟ್ಟವರು ಇಂಗ್ಲಿಷನ್ನೇ ವೃತ್ತಿಯಾಗಿ ಕಲಿಸುತ್ತಿದ್ದ ಶ್ರೀಕಂಠಯ್ಯನವರು. ಪರಭಾಷೆಯ ಸಿರಿಯನ್ನು ಕಣ್ಣಾರೆ ಕಂಡವರಿಗೆ ತಮ್ಮ ಮನೆಯ ಬಡತನ ಹೆಚ್ಚಾಗಿ ಕಾಣುವುದು ಸಹಜ. ಕಂಡ ಮೇಲೆ ಮನೆಯನ್ನು ತೊರೆಯುವವರು ಹಲವರು. ಸಿರಿಯನ್ನು ಹೊತ್ತು ಮನೆಗೆ ಮರಳುವವರು ಕೆಲವರು.

ಹೊತ್ತು ತಂದುದರ ಸಾಕ್ಷಿ ‘ಇಂಗ್ಲಿಷ್ ಗೀತಗಳು.’ ಇದರೊಳಗಿನ ಕವನಗಳ ಬಹುಭಾಗಕ್ಕೆ ಮೂಲ ೧೮೬೧ರ ಪಾಲ್‌ಗ್ರೇವನ ‘ಗೋಲ್ಡನ್ ಟ್ರೆಷರಿ’. ಅಂದರೆ ವಿದ್ಯಾರ್ಥಿಗಳ ಕೈಯಲ್ಲಿ ಓಡಾಡುತ್ತಿದ್ದ ಸಂಕಲನ. ಅದರಲ್ಲಿ ಕ್ಯಾಂಪ್‌ಬೆಲ್ಲನ ‘ಲಾರ್ಡ್ ಉಲ್ಲಿನ್ಸ್ ಡಾಟರ್’ ಎಂಬುದು ಅನೇಕ ಶಾಲೆಗಳಲ್ಲಿ ಪಾಠವಾಗಿದ್ದ ಕಥನಗೀತೆ. ಪ್ರಭುವಿನ ಮಗಳನ್ನು ಕರೆದುಕೊಂಡು ಓಡಿಬಂದ ನಾಯಕನೊಬ್ಬನು ಬಿರುಗಾಳಿಯಲ್ಲಿ ದೋಣಿಯನ್ನು ಹಾಯಿಸೆಂದು ಅಂಬಿಗನನ್ನು ಬೇಡುತ್ತಾನೆ. ಬೆನ್ನಟ್ಟಿದ ತಂದೆಯು ದಡಕ್ಕೆ ಬಂದು, ಕೋಪ ಕರಗಿ ಕೂಗುವಷ್ಟರಲ್ಲಿ ದೋಣಿ ಮುಳುಗುತ್ತದೆ. ಕನ್ನಡದಲ್ಲಿ ಇದು ‘ಕಾರಿಹೆಗ್ಗಡೆಯ ಮಗಳು.’ ಸ್ಕಾಟ್ಲೆಂಡಿನ ಪ್ರಭುವು ಹೆಗ್ಗಡೆಯಾದನು, ನಾಯಕನು ಗೌಡನಾದನು, ಅಂಬಿಗನು ತೊರೆಯನಾದನು. ಇಷ್ಟು ಮಾತ್ರವಾಗಿದ್ದರೆ ಅದು ಹೆಸರುಗಳ ಬದಲಾವಣೆ. ಸೊಗಸು ಇರುವುದು ನಡಿಗೆಯಲ್ಲಿ. ಕವನದ ಪಂಕ್ತಿಗಳನ್ನು ಮಾತ್ರೆಯೆಣಿಸಿ ನೋಡಿದರೆ ಮೂರು ನಾಲ್ಕು, ಮೂರು ನಾಲ್ಕು ಎಂದು ಒಟ್ಟು ಹದಿನಾಲ್ಕು ಮಾತ್ರೆಗಳ ಅಳತೆ ಎದ್ದು ಕಾಣುತ್ತದೆ. ಇದು ಭಾಮಿನೀ ಷಟ್ಪದಿಯ ಹೆಜ್ಜೆ. ಕುಮಾರವ್ಯಾಸನನ್ನು ಗಮಕಿಗಳ ಬಾಯಿಂದ ಕೇಳುತ್ತ ಬೆಳೆದ ಮನೆಗಳಿಗೆ ಚಿರಪರಿಚಿತವಾದ ಹೆಜ್ಜೆ. ಅಷ್ಟೇ ಅಲ್ಲ, ಪಂಕ್ತಿಗಳ ಎರಡನೆಯ ಅಕ್ಷರದ ಪ್ರಾಸವನ್ನೂ ಕವಿಯು ಇಲ್ಲಿ ಕೈಬಿಟ್ಟಿಲ್ಲ. ಕಥೆ ಹೊರಗಿನದು, ನಾಲ್ಕು ಪಂಕ್ತಿಯ ಪದ್ಯಬಂಧ ಹೊರಗಿನದು. ಲಯವೂ ಪ್ರಾಸವೂ ಮನೆಯವು. ಕಾವೇರಿಯ ಎರಡು ಕವಲುಗಳ ನಡುವೆ ನಿಂತಿರುವ ಶ್ರೀರಂಗಪಟ್ಟಣದಲ್ಲಿ ಮಳೆಗಾಲದ ಹೊಳೆಯನ್ನು ಕಂಡ ಬಾಲಕನಿಗೆ ಈ ಕವನಕ್ಕೆ ಟಿಪ್ಪಣಿ ಬೇಕಾಗದು.

ನ್ಯೂಮನ್ನನು ೧೮೩೩ರಲ್ಲಿ ರಚಿಸಿದ ಪ್ರಾರ್ಥನಾಗೀತೆಯ ರೂಪಾಂತರದಲ್ಲಿ ಇದೇ ವಿವೇಕ ಬೇರೆ ಬಗೆಯಿಂದ ಕಾಣುತ್ತದೆ. ಮೂಲದಲ್ಲಿ ಉದ್ದವಾದ ಸಾಲಿನ ಬೆನ್ನಿಗೆ ಗಿಡ್ಡ ಸಾಲೊಂದು ಬಂದು, ಉಸಿರು ಕಟ್ಟಿದವನ ಮೊರೆಯಂತೆ ನಿಲ್ಲುತ್ತದೆ. ಕನ್ನಡದಲ್ಲಿ ಐದೈದು ಮಾತ್ರೆಯ ನಾಲ್ಕು ಗಣಗಳ ಸಾಲೂ, ಅದರ ಅರ್ಧದಷ್ಟಿರುವ ಸಾಲೂ ಒಂದಾದಮೇಲೊಂದು ಬರುತ್ತವೆ. ಇಂಗ್ಲಿಷಿನ ಒತ್ತನ್ನು ಕನ್ನಡಕ್ಕೆ ತರಲಾಗುವುದಿಲ್ಲ. ಆದರೆ ಒತ್ತು ಮಾಡುತ್ತಿದ್ದ ಕೆಲಸವನ್ನು ಮಾತ್ರೆಯಿಂದ ಮಾಡಿಸಬಹುದು. ಇದನ್ನು ಕಂಡುಕೊಳ್ಳಬೇಕಾದರೆ ಇಂಗ್ಲಿಷ್ ಪದ್ಯವನ್ನು ಕಣ್ಣಿನಿಂದ ಓದಿದರೆ ಸಾಲದು, ಕಿವಿಯಿಂದ ಓದಬೇಕು. ಆ ಕಿವಿಯಾದರೋ ಮೊದಲೇ ಕನ್ನಡದಲ್ಲಿ ಪಳಗಿರಬೇಕು. ಈ ಲೇಖನದ ತಾತ್ಪರ್ಯ ಇಷ್ಟೇ. ಮುಂದಿನ ನಿದರ್ಶನಗಳು ಇದನ್ನೇ ಬಲಪಡಿಸುತ್ತವೆ.

ಕಿಕ್ಕೇರಿಯ ಕವಿಯನ್ನು ನೋಡಬಹುದು. ೧೯೪೨ರ ‘ಮೈಸೂರ ಮಲ್ಲಿಗೆ’ಯ ದಾಂಪತ್ಯಗೀತಗಳು ಮನೆಮನೆಯ ಹಾಡಾದುವು. ಅದೇ ನರಸಿಂಹಸ್ವಾಮಿಯವರು ರಾಬರ್ಟ್ ಬರ್ನ್ಸನ ಪ್ರೇಮಗೀತಗಳನ್ನೂ, ಮಾರ್ಕ್ ಟ್ವೈನನ ಹಕಲ್‌ಬೆರಿ ಫಿನ್ನನ ಕಥೆಯನ್ನೂ ಕನ್ನಡಕ್ಕೆ ತಂದರು. ಈ ಆಯ್ಕೆ ಗಮನಿಸತಕ್ಕುದು. ಬರ್ನ್ಸನು ನೇಗಿಲು ಹಿಡಿದ ರೈತ. ಅವನ ನುಡಿ ಲಂಡನ್ನಿನ ಶಿಷ್ಟಭಾಷೆಯಲ್ಲ, ಸ್ಕಾಟರ ಹಳ್ಳಿಯ ಮಾತು. ಟ್ವೈನನ ಹುಡುಗನ ನುಡಿಯೂ ವ್ಯಾಕರಣದ ಮೇಷ್ಟರು ಮೆಚ್ಚುವಂತಹುದಲ್ಲ. ಶಾಲೆಯು ಶುದ್ಧವಾದ ಇಂಗ್ಲಿಷನ್ನು ಕಲಿಸಿ ಕಳುಹಿಸುತ್ತದೆ. ಕವಿಯು ಆ ಬಾಗಿಲಿನಿಂದಲೇ ಹೊರಟು ಹಳ್ಳಿಯ ಇಂಗ್ಲಿಷನ್ನು ಹುಡುಕಿಕೊಂಡು ಹೋಗುತ್ತಾನೆ. ಪರಭಾಷೆಯಲ್ಲಿಯೂ ತನ್ನೂರಿನಂತಹ ಊರುಗಳಿವೆ ಎಂಬ ಅರಿವು ಪಾಠಪುಸ್ತಕದಿಂದ ಬರತಕ್ಕ ಅತ್ಯುತ್ತಮವಾದ ಲಾಭ. ಅದು ಗ್ರಾಮೀಣ ವಿದ್ಯಾರ್ಥಿಯ ಸಂಕೋಚವನ್ನು ಕಳೆಯುತ್ತದೆ.

ಮೂರ್ತಿರಾಯರು ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದವರು. ೧೯೩೭ರ ‘ಹಗಲುಗನಸುಗಳು’ ಎಂಬ ಪ್ರಬಂಧಸಂಗ್ರಹವನ್ನು ಓದುವವರಿಗೆ ಚಾರ್ಲ್ಸ್ ಲ್ಯಾಮನ ಮನೆತನದ ನೆನಪಾಗುತ್ತದೆ. ಆದರೆ ಹಾಸ್ಯದ ಹದವು ಜಗಲಿಯ ಮೇಲೆ ಕುಳಿತು ಮಾತಾಡುವ ಹಿರಿಯರದು. ಮೋಲಿಯೇರನ ಫ್ರೆಂಚ್ ನಾಟಕವನ್ನು ‘ಆಷಾಢಭೂತಿ’ಯೆಂದು ಕನ್ನಡಿಸಿದವರೂ, ಸಾಕ್ರಟೀಸನ ಕೊನೆಯ ದಿನಗಳನ್ನು ಕನ್ನಡಿಗರ ಮುಂದಿರಿಸಿದವರೂ ಇವರೇ. ಇಲ್ಲಿ ಇಂಗ್ಲಿಷು ಗುರಿಯಾಗಿ ಉಳಿಯಲಿಲ್ಲ, ಸೇತುವೆಯಾಯಿತು. ಮೇಲುಕೋಟೆಯ ನರಸಿಂಹಾಚಾರ್ಯರಲ್ಲಿ ಈ ಕೂಟ ಇನ್ನೂ ಸೂಕ್ಷ್ಮವಾದುದು: ೧೯೩೩ರ ‘ಹಣತೆ’ಯಿಂದ ಮೊದಲಾಗಿ ಅವರ ಕವನದ ರೂಪಕ್ಕೆ ಇಂಗ್ಲಿಷ್ ಭಾವಗೀತೆಯ ನೆರೆಹೊರೆಯುಂಟು, ಒಳಗಿನ ದೀಪ ಮಾತ್ರ ಚೆಲುವನಾರಾಯಣನ ಗುಡಿಯದು. ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯ ಎಚ್. ಎಲ್. ನಾಗೇಗೌಡರೋ, ಪರದೇಶದ ಪ್ರವಾಸಿಗಳ ವೃತ್ತಾಂತಗಳನ್ನು ‘ಪ್ರವಾಸಿ ಕಂಡ ಇಂಡಿಯಾ’ ಎಂಬ ಸಂಪುಟಗಳಲ್ಲಿ ತಂದರು, ಮತ್ತೊಂದು ಕಡೆ ಜನಪದದ ಹಾಡುಗಳನ್ನು ಕೂಡಿಡುವುದರಲ್ಲಿ ಆಯುಷ್ಯವನ್ನು ಕಳೆದರು.

ಇದಕ್ಕೆ ಒಂದು ಆಕ್ಷೇಪವುಂಟು, ಮತ್ತು ಅದು ಬಲವಾದುದು. ಐವರ ಹೆಸರನ್ನು ಹೇಳಿ ಒಂದು ಪದ್ಧತಿಯನ್ನು ಹೊಗಳುವುದು ಸರಿಯೆ? ಅದೇ ಬೆಂಚುಗಳ ಮೇಲೆ ಕುಳಿತು, ಇಂಗ್ಲಿಷ್ ಪತ್ರಿಕೆಯಲ್ಲಿ ಅನುತ್ತೀರ್ಣರಾಗಿ, ಬೇರೆಲ್ಲ ವಿಷಯಗಳಲ್ಲಿ ಬುದ್ಧಿವಂತರಾಗಿದ್ದರೂ ಓದನ್ನು ನಿಲ್ಲಿಸಿದವರ ಹೆಸರನ್ನು ಯಾರೂ ಬರೆದಿಡಲಿಲ್ಲ. ಈ ಸಾಹಿತಿಗಳಲ್ಲಿ ಹೆಚ್ಚಿನವರು ಅಕ್ಷರವು ಮನೆತನದಲ್ಲಿ ಮೊದಲೇ ನೆಲಸಿದ್ದ ವರ್ಗದಿಂದ ಬಂದವರು. ಈ ಮಾತನ್ನು ಒಪ್ಪಲೇಬೇಕು. ಆದರೆ ಇದನ್ನು ಒಪ್ಪಿದ ಮೇಲೆ ಹೊರಡುವ ನಿರ್ಣಯವೇನು? ಆ ಮನೆಗಳು ಮಕ್ಕಳಿಗೆ ಕೊಟ್ಟಿದ್ದುದು ಇಂಗ್ಲಿಷನ್ನಲ್ಲ, ಕಾವ್ಯದ ಕಿವಿಯನ್ನು. ಆದಕಾರಣ ಮನೆಯಲ್ಲಿ ಪುಸ್ತಕವಿಲ್ಲದ ಮಗುವಿಗೆ ಶಾಲೆಯು ಮೊದಲು ಒದಗಿಸಬೇಕಾದುದೂ ಅದೇ. ಮೇಲಾಗಿ ಹಳ್ಳಿಯ ಮಗುವಿನ ಕಿವಿ ಬರಿದಾಗಿಲ್ಲ: ರಾಗಿ ಬೀಸುವ ಪದ, ಸೋಬಾನೆ, ಕೋಲಾಟದ ಹಾಡು ಇವುಗಳ ಲಯ ಅಲ್ಲಿದೆ. ಅದನ್ನು ಬಂಡವಾಳವೆಂದು ಎಣಿಸುವ ಉಪಾಧ್ಯಾಯರು ಬೇಕು.

ಈಚಿನ ವರ್ಷಗಳ ಹತ್ತನೆಯ ತರಗತಿಯ ದ್ವಿತೀಯ ಭಾಷೆಯ ಇಂಗ್ಲಿಷ್ ಪುಸ್ತಕವನ್ನು ತೆಗೆದು ನೋಡಿದರೆ ಸಾಮಗ್ರಿಗೆ ಕೊರತೆಯಿಲ್ಲವೆಂಬುದು ತಿಳಿಯುತ್ತದೆ. ಷೇಕ್ಸ್‌ಪಿಯರನ ಪೋರ್ಷಿಯಳು ಕರುಣೆಯನ್ನು ಕುರಿತು ಆಡಿದ ಮಾತು ಅದರಲ್ಲಿದೆ, ವಿ. ಕೃ. ಗೋಕಾಕರು ಇಂಗ್ಲಿಷಿನಲ್ಲಿ ಬರೆದ ಭಾರತಗೀತೆ ಇದೆ. ಕಡಲಿನ ಬಿರುಗಾಳಿಯಲ್ಲಿ ಕಂಗೆಟ್ಟ ನಾವಿಕರಿಗೆ ಕಪ್ತಾನನ ಪುಟ್ಟ ಮಗಳು ಧೈರ್ಯ ಹೇಳುವ, ಜೇಮ್ಸ್ ಫೀಲ್ಡ್ಸನ ಕಥನಗೀತೆಯೂ ಇದೆ. ಈ ಕೊನೆಯದನ್ನು ಕಲಿಸುವಾಗ ‘ಕಾರಿಹೆಗ್ಗಡೆಯ ಮಗಳ’ನ್ನು ಒಮ್ಮೆ ಗಟ್ಟಿಯಾಗಿ ಓದಿ ಹೇಳಿದರೆ ಎಷ್ಟು ಹೊತ್ತು ಹಿಡಿದೀತು? ಎರಡರಲ್ಲಿಯೂ ಬಿರುಗಾಳಿ, ತಂದೆ, ಮಗಳು. ಒಂದರಲ್ಲಿ ಮಗಳ ಮಾತಿನಿಂದ ಹಡಗು ಉಳಿಯಿತೆಂಬ ನಂಬಿಕೆ, ಇನ್ನೊಂದರಲ್ಲಿ ತಂದೆಯ ಕ್ಷಮೆ ತಡವಾಗಿ ಬಂದ ದುಃಖ. ಪೋರ್ಷಿಯಳ ಕರುಣೆಯ ಪಕ್ಕದಲ್ಲಿ ಬಸವಣ್ಣನವರ ದಯೆಯನ್ನು ಇರಿಸಿದರೆ ಎರಡೂ ಬೆಳಗುತ್ತವೆ. ಆದರೆ ವಸ್ತುತಃ ನಡೆಯುವುದೇನು? ಪದ್ಯವು ಸಾರಾಂಶವಾಗುತ್ತದೆ, ಸಾರಾಂಶವು ಗೈಡಿನ ನಾಲ್ಕು ವಾಕ್ಯಗಳಾಗುತ್ತದೆ, ವಾಕ್ಯಗಳು ಅಂಕಗಳಾಗುತ್ತವೆ. ಪದ್ಯದ ಕೆಲವು ಪಂಕ್ತಿಗಳನ್ನು ಕಂಠಪಾಠದಿಂದ ಬರೆಯತಕ್ಕ ಪ್ರಶ್ನೆಯೊಂದು ಪರೀಕ್ಷೆಯಲ್ಲಿ ಉಳಿದುಬಂದಿದೆ, ಉದ್ದೇಶ ಒಳ್ಳೆಯದು. ಆದರೆ ಕಂಠಕ್ಕೆ ಬರದೆ, ಬರಿಯ ಕೈಯಿಂದ ಹತ್ತು ಸಲ ಬರೆದು ಗಟ್ಟಿಮಾಡಿದ ಪಂಕ್ತಿಯನ್ನು ಕಂಠಪಾಠವೆಂದು ಕರೆಯುವುದು ಆ ಮಾತಿಗೆ ಅಪಚಾರ.

ಐದನೆಯ ತರಗತಿಯಿಂದ ಮೊದಲಾಗುತ್ತಿದ್ದ ಇಂಗ್ಲಿಷನ್ನು ಸರ್ಕಾರವು ೨೦೦೭ರಲ್ಲಿ ಒಂದನೆಯ ತರಗತಿಗೇ ತಂದಿತು. ೨೦೧೯ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳನ್ನು ತೆರೆಯಿತು. ತಾಯಿತಂದೆಗಳ ಬಯಕೆಗೆ ಇದು ಉತ್ತರ. ಆ ಬಯಕೆಯಲ್ಲಿ ತಪ್ಪೆಣಿಸಲಾಗದು. ವಿದ್ಯಾವಂತರ ಮನೆಗಳು ತಮ್ಮ ಮಕ್ಕಳಿಗೆ ಇಂಗ್ಲಿಷನ್ನು ಕೊಟ್ಟು ರೈತನ ಮಗುವಿಗೆ ಕನ್ನಡಾಭಿಮಾನವನ್ನು ಉಪದೇಶಿಸುವುದು ಧರ್ಮವಲ್ಲ. ಆದರೆ ವರ್ಷಗಳನ್ನು ಹೆಚ್ಚಿಸಿದ ಮಾತ್ರಕ್ಕೆ ಭಾಷೆ ಬಾರದು. ಕನ್ನಡದಲ್ಲಿ ಒಂದು ಪದ್ಯವನ್ನು ಸವಿಯಲಾರದ ಮಗುವು ಇಂಗ್ಲಿಷಿನಲ್ಲಿ ಅದನ್ನು ಸವಿಯುವುದೆಂದು ನಂಬುವುದು, ಮನೆಯ ಹೊಂಡದಲ್ಲಿ ಈಜಲಾರದವನನ್ನು ಪ್ರವಾಹಕ್ಕೆ ತಳ್ಳಿದಂತೆ. ಎರಡು ಭಾಷೆಗಳ ನಡುವೆ ನಿಂತು ಯಾವುದೊಂದರಲ್ಲಿಯೂ ಮನಸ್ಸನ್ನು ತೋಡಿಕೊಳ್ಳಲಾರದ ತರುಣರು ಹೆಚ್ಚುವುದಾದರೆ ಅದು ಉದ್ಯೋಗಕ್ಕೂ ನಷ್ಟ, ಸಾಹಿತ್ಯಕ್ಕೂ ನಷ್ಟ.

ಇದಕ್ಕೆ ಪರಿಹಾರವು ದೊಡ್ಡ ಯೋಜನೆಗಳನ್ನು ಕಾಯಬೇಕಾಗಿಲ್ಲ. ಇಂಗ್ಲಿಷ್ ಉಪಾಧ್ಯಾಯರ ಮೇಜಿನ ಮೇಲೆ ‘ಇಂಗ್ಲಿಷ್ ಗೀತಗಳ’ ಒಂದು ಪ್ರತಿ ಇರಲಿ. ಕನ್ನಡ ಉಪಾಧ್ಯಾಯರು ವಾರಕ್ಕೊಮ್ಮೆ ಆ ತರಗತಿಯಲ್ಲಿ ಕುಳಿತುಕೊಳ್ಳಲಿ. ಪದ್ಯವನ್ನು ಅರ್ಥಕ್ಕೆ ಮುಂಚೆ ಧ್ವನಿಯಿಂದ ಪರಿಚಯಮಾಡಿಕೊಡಲಿ. ಮನೆಗಳಲ್ಲಿ ಹಿರಿಯರು ಮಕ್ಕಳಿಂದ ಇಂಗ್ಲಿಷ್ ಪಾಠವನ್ನು ಒಪ್ಪಿಸಿಕೊಳ್ಳುವ ಹೊತ್ತಿನಲ್ಲಿಯೇ ಒಂದು ಷಟ್ಪದಿಯನ್ನೋ ಒಂದು ಜನಪದಗೀತೆಯನ್ನೋ ಹೇಳಿಸಲಿ. ಬೆಳ್ಳೂರಿನಿಂದ ಕಿಕ್ಕೇರಿಯವರೆಗೆ, ಮೇಲುಕೋಟೆಯಿಂದ ಅಕ್ಕಿಹೆಬ್ಬಾಳಿನವರೆಗೆ ಹಿಂದೆ ಫಲಿಸಿದುದು ಇದೇ ಬೇಸಾಯ. ಬೀಜ ಹೊರಗಿನಿಂದ ಬಂದೀತು. ನೆಲವನ್ನು ಹದಮಾಡಬೇಕಾದವರು ಮಾತ್ರ ಮನೆಯವರೇ.